ಕಿವಿರಿನೊಳಗೊಂದು ವಿಳಾಸ: ಕಡಲ ಮೀನಿನ ಉಸಿರಿಗೆ ಅಂಟಿ ಬಾಳುವ ಹುಳುಗಳು

ಮೀನು ಕೊಳ್ಳುವವರು ಮೊದಲು ಅದರ ಕಿವಿ ಎತ್ತಿ ನೋಡುತ್ತಾರೆ. ಒಳಗೆ ಕೆಂಪಗಿದ್ದರೆ ತಾಜಾ, ಬಣ್ಣ ಕಂದಿದ್ದರೆ ಐಸಿನಲ್ಲಿ ದಿನ ಕಳೆದದ್ದು. ಬಂಗುಡೆಯಾಗಲಿ ಅಂಜಲ್ ಆಗಲಿ, ಉಳ್ಳಾಲದಿಂದ ಕಾರವಾರದವರೆಗೆ ಪರೀಕ್ಷೆ ಇದೇ. ಆ ಕೆಂಪು ಪದರಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಸಂಸಾರವೂ ನಡೆದಿರುತ್ತದೆ. ಆಗಷ್ಟೇ ಹಿಡಿದ ಮೀನಿನ ಕಿವಿರಿನ ಎಳೆಯೊಂದನ್ನು ಕತ್ತರಿಸಿ, ಒಂದು ಹನಿ ಸಮುದ್ರದ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ಹಲವು ಸಲ ಅಲ್ಲಿ ಚಪ್ಪಟೆಯಾದ, ಹೆಚ್ಚುಕಡಿಮೆ ಪಾರದರ್ಶಕವಾದ ಹುಳುವೊಂದು ಮೈ ಚಾಚುತ್ತ, ಮುದುಡುತ್ತ ಇರುವುದು ಕಾಣುತ್ತದೆ. ಮೈಯೆಲ್ಲ ಆಡಿದರೂ ಹಿಂದಿನ ತುದಿ ಮಾತ್ರ ಹಿಡಿದ ಜಾಗವನ್ನು ಬಿಡುವುದಿಲ್ಲ.

ಇವು ಮೊನೊಜೀನಿಯನ್‌ಗಳು. ಚಪ್ಪಟೆ ಹುಳುಗಳ ವಂಶಕ್ಕೆ ಸೇರಿದವು. ಲಾಡಿಹುಳುವಿಗೂ ಕುರಿಯ ಪಿತ್ತಜನಕಾಂಗದ ಹುಳುವಿಗೂ ದೂರದ ನೆಂಟರು. ಬಹುಪಾಲು ಜಾತಿಗಳ ಉದ್ದ ಅರ್ಧ ಮಿಲಿಮೀಟರಿನಿಂದ ಕೆಲವು ಮಿಲಿಮೀಟರ್. ಎರಡು ಸೆಂಟಿಮೀಟರ್ ಮುಟ್ಟುವವು ವಿರಳ. ತಿನ್ನುವವರ ಆತಂಕಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಇವು ಮನುಷ್ಯರಿಗೆ ಅಂಟುವುದಿಲ್ಲ, ಮೀನಿನ ಮಾಂಸದೊಳಗೆ ಇರುವುದೂ ಇಲ್ಲ, ಕಿವಿರನ್ನು ಕಿತ್ತು ಎಸೆಯುವಾಗ ಅದರೊಂದಿಗೇ ಹೋಗುತ್ತವೆ. ಹಸಿ ಮೀನು ತಿನ್ನುವ ದೇಶಗಳಲ್ಲಿ ಜನ ಹೆದರುವ ಅನಿಸಾಕಿಸ್ ಬೇರೆಯೇ. ಅದು ದುಂಡು ಹುಳು, ಮೀನಿನ ಹೊಟ್ಟೆಯಲ್ಲೂ ಮಾಂಸದಲ್ಲೂ ಸುರುಳಿ ಸುತ್ತಿಕೊಂಡಿರುತ್ತದೆ. ಕಿವಿರು ಎತ್ತಿದಾಗ ಕೆಲವೊಮ್ಮೆ ಕಾಲುಗಳಿರುವ ಬಿಳಿಯ ಕೀಟ ಕಾಣುತ್ತದಲ್ಲ, ಅದೂ ಇದಲ್ಲ. ಅದು ಸಿಗಡಿ, ಏಡಿಗಳ ಬಳಗದ್ದು.

ಇರಲು ಇವು ಕಿವಿರನ್ನೇ ಏಕೆ ಆರಿಸಿಕೊಂಡವು ಎಂಬುದು ತಿಳಿಯಬೇಕಾದರೆ ಕಿವಿರು ಮಾಡುವ ಕೆಲಸವನ್ನು ನೋಡಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿನಲ್ಲಿ ಲೀಟರಿಗೆ 5 ಮಿಲಿಲೀಟರೂ ಸಿಗುವುದಿಲ್ಲ. ಅಷ್ಟು ತೆಳುವಾಗಿ ಹರಡಿರುವುದನ್ನು ಹೀರಿಕೊಳ್ಳಬೇಕಾದರೆ ರಕ್ತವನ್ನು ನೀರಿನ ತೀರಾ ಹತ್ತಿರಕ್ಕೆ, ಅಗಾಧ ವಿಸ್ತಾರದಲ್ಲಿ ತಂದು ಹರಡಬೇಕು. ಅದಕ್ಕಾಗಿ ಮೂಳೆಮೀನಿನ ತಲೆಯ ಎರಡೂ ಪಕ್ಕದಲ್ಲಿ ನಾಲ್ಕು ನಾಲ್ಕು ಕಮಾನುಗಳಿವೆ. ಪ್ರತಿ ಕಮಾನಿನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಎರಡು ಸಾಲು ಎಳೆಗಳು. ಪ್ರತಿ ಎಳೆಯ ಎರಡೂ ಮಗ್ಗುಲಲ್ಲಿ ಒತ್ತೊತ್ತಾಗಿ ನಿಂತ ಅತಿ ತೆಳುವಾದ ಹಾಳೆಗಳು. ಈ ಹಾಳೆಗಳ ಒಳಗೆ ರಕ್ತ ಒಂದು ದಿಕ್ಕಿಗೆ ಹರಿದರೆ, ನಡುವಿನ ಸಂದಿಯಲ್ಲಿ ನೀರು ಎದುರು ದಿಕ್ಕಿಗೆ ಹರಿಯುತ್ತದೆ. ಹೀಗಾಗಿ ರಕ್ತ ಮುಂದೆ ಸಾಗಿದಷ್ಟೂ ತನಗಿಂತ ಹೆಚ್ಚು ಆಮ್ಲಜನಕ ಇರುವ ನೀರನ್ನೇ ಸಂಧಿಸುತ್ತದೆ. ರಕ್ತಕ್ಕೂ ನೀರಿಗೂ ನಡುವೆ ಇರುವ ಗೋಡೆಯ ದಪ್ಪ ಮೈಕ್ರಾನುಗಳ ಲೆಕ್ಕದ್ದು.

ಹುಳುವಿನ ಕಡೆಯಿಂದ ಯೋಚಿಸಿ. ತೂತು ಮಾಡಲು ಇದಕ್ಕಿಂತ ತೆಳುವಾದ ಚರ್ಮ ಮೀನಿನ ಮೈಮೇಲೆ ಇನ್ನೆಲ್ಲೂ ಇಲ್ಲ. ಅದರ ಹಿಂದೆಯೇ ರಕ್ತ. ಉಸಿರಾಡಲು ಸದಾ ಹೊಸ ನೀರು. ಮೇಲೆ ಗಟ್ಟಿಯಾದ ಮುಚ್ಚಳ, ಹಾಗಾಗಿ ಹುಳ ಹೆಕ್ಕಿ ತಿನ್ನುವ ಸಣ್ಣ ಮೀನುಗಳ ಕಾಟವೂ ಕಡಿಮೆ. ಇಷ್ಟೆಲ್ಲ ಸುಖಕ್ಕೆ ಕೊಡಬೇಕಾದ ಬೆಲೆ ಒಂದೇ: ನೀರಿನ ಸೆಳೆತ ಒಂದು ಕ್ಷಣವೂ ನಿಲ್ಲುವುದಿಲ್ಲ. ಕೈ ತಪ್ಪಿದರೆ ಹುಳು ತೆರೆದ ಕಡಲಿಗೆ ಬೀಳುತ್ತದೆ, ಮತ್ತೆ ಈಜಿ ಬರುವ ಶಕ್ತಿ ಬೆಳೆದ ಹುಳುವಿಗಿಲ್ಲ.

ಹಾಗಾಗಿ ಇದರ ದೇಹದ ಅತ್ಯಂತ ವಿಶೇಷವಾದ ಭಾಗ ಇರುವುದು ಹಿಂದಿನ ತುದಿಯಲ್ಲಿ. ಹ್ಯಾಪ್ಟರ್ ಎಂಬ ಈ ಹಿಡಿತದ ಅಂಗವನ್ನು ನೋಡಿಯೇ ತಜ್ಞರು ಮೊನೊಜೀನಿಯನ್‌ಗಳನ್ನು ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನವು ಲೋಳೆಯನ್ನೂ ಮೇಲ್ಚರ್ಮದ ಜೀವಕೋಶಗಳನ್ನೂ ಮೇಯುತ್ತವೆ. ಅವುಗಳ ಹ್ಯಾಪ್ಟರಿನಲ್ಲಿ ಒಂದೆರಡು ಜೊತೆ ದೊಡ್ಡ ಕೊಕ್ಕೆಗಳು, ಅಂಚಿನ ಸುತ್ತ 14 ಅಥವಾ 16 ಪುಟ್ಟ ಕೊಕ್ಕೆಗಳು. ಇವು ಒಂದು ಜಾಗ ಮೇದು ಮುಗಿದ ಮೇಲೆ ತುಸು ಸರಿದುಕೊಳ್ಳಬಲ್ಲವು. ಇನ್ನೊಂದು ಗುಂಪು ರಕ್ತ ಕುಡಿಯುತ್ತದೆ. ಅವುಗಳ ಹ್ಯಾಪ್ಟರಿನ ಮೇಲೆ ಸಾಮಾನ್ಯವಾಗಿ ನಾಲ್ಕು ಜೊತೆ ಕ್ಲಾಂಪುಗಳಿರುತ್ತವೆ. ಪ್ರತಿ ಕ್ಲಾಂಪಿಗೂ ಗಟ್ಟಿಯಾದ ಚೌಕಟ್ಟು, ಮುಚ್ಚಿಕೊಳ್ಳುವ ಎರಡು ದವಡೆ. ಕಿವಿರಿನ ಒಂದೆರಡು ಹಾಳೆಗಳನ್ನು ದವಡೆಯ ನಡುವೆ ಮಡಿಸಿ ಹಿಡಿದರೆ ಮುಗಿಯಿತು. ರಕ್ತ ಕುಡಿಯುವ ಹುಳುಗಳಲ್ಲಿ ಅನೇಕವು ಬೆಳೆದ ಮೇಲೆ ಆ ಜಾಗದಿಂದ ಹೆಚ್ಚು ದೂರ ಹೋಗುವುದೇ ಇಲ್ಲ. ಕುಡಿದ ರಕ್ತದ ಹಿಮೊಗ್ಲೋಬಿನ್ ಅರಗಿದಾಗ ಉಳಿಯುವ ಕಪ್ಪು-ಕಂದು ಬಣ್ಣದ ಹೆಮಟಿನ್ ಕರುಳಿನ ಕವಲುಗಳಲ್ಲಿ ಸೇರಿಕೊಳ್ಳುತ್ತದೆ. ಪಾರದರ್ಶಕ ಮೈಯೊಳಗೆ ಆ ಕಪ್ಪು ಗೆರೆಗಳು ಕಂಡರೆ ಸಾಕು, ಇದು ಏನು ತಿನ್ನುವ ಹುಳು ಎಂದು ಹೇಳಿಬಿಡಬಹುದು.

ನನ್ನ ಮಟ್ಟಿಗೆ ಅತ್ಯಂತ ಸೋಜಿಗದ ಸಂಗತಿ ಮುಂದಿನದು. ಈ ಹುಳುಗಳು ಕಿವಿರಿನಲ್ಲಿ ಎಲ್ಲೋ ಒಂದು ಕಡೆ ಇರುವುದಿಲ್ಲ, ಇಂಥದೇ ಕಡೆ ಇರುತ್ತವೆ. ಬ್ರಿಟನ್ನಿನ ಪರೋಪಜೀವಿ ತಜ್ಞ ಜ್ಯಾಕ್ ಲೆವೆಲಿನ್ 1950ರ ದಶಕದಲ್ಲಿ ಪ್ಲಿಮತ್‌ನ ಕಡಲ ಮೀನುಗಳ ಕಿವಿರುಗಳನ್ನು ಕಮಾನು ಕಮಾನಾಗಿ ಬಿಡಿಸಿ ನೋಡಿದರು. ವೈಟಿಂಗ್ ಮೀನಿನ ಡಿಕ್ಲಿಡೊಫೋರಾ ಮರ್ಲಾಂಗಿ ಎಂಬ ಹುಳು ಹೆಚ್ಚಾಗಿ ಮೊದಲನೆಯ ಕಮಾನಿನ ಮೇಲೆ ಸಿಕ್ಕಿತು. ಅದರದೇ ಕುಲದ ಡಿಕ್ಲಿಡೊಫೋರಾ ಲುಸ್ಕೇ ಪೌಟಿಂಗ್ ಮೀನಿನಲ್ಲಿ ಎರಡು, ಮೂರನೆಯ ಕಮಾನುಗಳನ್ನು ಹಿಡಿದಿತ್ತು. ಹುಳುಗಳು ಕೂರುವ ಭಂಗಿಗೂ ಕ್ರಮವಿತ್ತು: ಹಿಡಿತದ ತುದಿ ನೀರು ಬರುವ ಕಡೆಗೆ, ಬಾಯಿರುವ ತುದಿ ನೀರು ಹೋಗುವ ಕಡೆಗೆ.

ಹಾರ್ಸ್ ಮ್ಯಾಕೆರೆಲ್ ಮೀನಿನ ಗ್ಯಾಸ್ಟ್ರೊಕೊಟೈಲ್ ಟ್ರಾಖುರಿಯಲ್ಲಂತೂ ಈ ಸೆಳೆತ ದೇಹದ ಆಕಾರವನ್ನೇ ಬದಲಿಸಿದೆ. ಪ್ರಾಣಿಗಳ ಮೈ ಸಾಮಾನ್ಯವಾಗಿ ಎಡಬಲಗಳಲ್ಲಿ ಒಂದೇ ತೆರನಾಗಿರುತ್ತದೆ. ಈ ಹುಳುವಿಗೆ ಕ್ಲಾಂಪುಗಳ ಸಾಲು ಒಂದೇ ಮಗ್ಗುಲಿನಲ್ಲಿ. ಯಾವ ಮಗ್ಗುಲು ಎಂಬುದು ಅದು ಎಳೆಯ ಯಾವ ಮುಖದ ಮೇಲೆ ನೆಲೆಸಿತು ಎಂಬುದಕ್ಕೆ ಹೊಂದಿಕೊಂಡಿರುತ್ತದೆ. ಒಂದು ಮುಖದ ಮೇಲೆ ನೆಲೆಸಿದ್ದು ಎಡಚವಾಗಿ ಬೆಳೆದರೆ, ಎದುರು ಮುಖದ್ದು ಬಲಚವಾಗಿ ಬೆಳೆಯುತ್ತದೆ. ಒಂದೇ ಜಾತಿ, ಎರಡು ಕನ್ನಡಿ ರೂಪಗಳು. ನಮ್ಮಲ್ಲಿ ಕೊಕ್ಕರ್ ಎಂದು ಮಾರಾಟವಾಗುವ ಮೀನುಗಳೂ ಹಾರ್ಸ್ ಮ್ಯಾಕೆರೆಲ್‌ನ ಕುಟುಂಬದವೇ. ಅದೇ ಕುಲದ ಗ್ಯಾಸ್ಟ್ರೊಕೊಟೈಲ್ ಇಂಡಿಕಾ ಎಂಬ ಹುಳುವನ್ನು ಭಾರತದ ಸಮುದ್ರದ ಮೀನಿನಿಂದ 1951ರಲ್ಲೇ ವಿವರಿಸಲಾಗಿದೆ.

ಇಷ್ಟು ಕಟ್ಟುನಿಟ್ಟಿನ ವಿಳಾಸ ಯಾಕೆ? ಬೇರೆ ಹುಳುಗಳ ಜೊತೆ ಜಾಗಕ್ಕಾಗಿ ಪೈಪೋಟಿ ಎನ್ನುವುದು ಯಾರಿಗೂ ಮೊದಲು ಹೊಳೆಯುವ ಉತ್ತರ. ಆಸ್ಟ್ರೇಲಿಯಾದಲ್ಲಿ ದಶಕಗಳ ಕಾಲ ಈ ಹುಳುಗಳನ್ನು ಅಭ್ಯಾಸ ಮಾಡಿದ ಕ್ಲಾಸ್ ರೋಡೆ ಇದನ್ನು ಒಪ್ಪಲಿಲ್ಲ. ಕಿವಿರಿನ ಬಹುಭಾಗ ಖಾಲಿಯೇ ಬಿದ್ದಿರುತ್ತದೆ, ಜಗಳವಾಡಲು ಎದುರಾಳಿಯೇ ಇಲ್ಲದ ಮೀನಿನಲ್ಲೂ ಹುಳು ತನ್ನ ಮೂಲೆಯನ್ನು ಬಿಡುವುದಿಲ್ಲ ಎಂದು ಅವರು ತೋರಿಸಿದರು. ಅವರ ಉತ್ತರ ಸಂತಾನಕ್ಕೆ ಸಂಬಂಧಿಸಿದ್ದು. ಈ ಹುಳುಗಳು ದ್ವಿಲಿಂಗಿಗಳು, ಗಂಡು ಹೆಣ್ಣು ಎರಡೂ ಅಂಗಗಳು ಒಂದರಲ್ಲೇ ಇವೆ. ಆದರೂ ಸಾಮಾನ್ಯವಾಗಿ ಇನ್ನೊಂದು ಹುಳುವಿನ ಜೊತೆ ಕೂಡುತ್ತವೆ. ಇಡೀ ಮೀನಿನಲ್ಲಿ ಇರುವುದೇ ಎರಡು ಮೂರು ಹುಳು ಎಂದಿಟ್ಟುಕೊಳ್ಳಿ. ಸಾವಿರಾರು ಎಳೆಗಳಲ್ಲಿ ಎಲ್ಲೆಲ್ಲೋ ಕೂತರೆ ಅವು ಸಂಧಿಸುವುದೇ ಇಲ್ಲ. ಎಲ್ಲವೂ ಒಂದೇ ಮೂಲೆಗೆ ಬಂದರೆ ಸಂಗಾತಿ ಸಿಗುತ್ತದೆ.

ಇದಕ್ಕೆ ರೋಡೆ ಕೊಟ್ಟ ಸಾಕ್ಷ್ಯಗಳಲ್ಲಿ ಒಂದು ಬಂಗುಡೆಯ ಹತ್ತಿರದ ಸಂಬಂಧಿಯಾದ ಸ್ಕಾಂಬರ್ ಮೀನಿನದು. ಆ ಮೀನಿನಲ್ಲಿ ಕುಹ್ನಿಯಾ ಕುಲದ ಎರಡು ಜಾತಿಯ ಹುಳುಗಳಿವೆ, ಎರಡರ ಸಂಭೋಗದ ಅಂಗಗಳೂ ಒಂದೇ ಥರ. ಒಂದು ಜಾತಿ ಕಿವಿರಿನ ಎಳೆಗಳ ಮೇಲೆ ಇರುತ್ತದೆ, ಇನ್ನೊಂದು ಮುಚ್ಚಳದ ಒಳಮೈಯಲ್ಲಿರುವ ಹುಸಿಕಿವಿರಿನ ಮೇಲೆ. ಅಂಗಗಳ ಆಕಾರ ಬೇರೆ ಬೇರೆಯಾಗಿರುವ ಜಾತಿಗಳಾದರೋ ಒಂದೇ ಜಾಗದಲ್ಲಿ ಬೆರೆತು ಬಾಳಬಲ್ಲವು, ಏಕೆಂದರೆ ತಪ್ಪು ಜೊತೆಯೊಂದಿಗೆ ಕೂಡಲು ಅವುಗಳಿಗೆ ಆಗುವುದೇ ಇಲ್ಲ. ಅಂಗ ಒಂದೇ ಥರ ಇದ್ದಾಗ ಜಾಗ ಬೇರೆಯಾಗಬೇಕು. ಪೈಪೋಟಿಗೆ ಎಲ್ಲೂ ಪಾತ್ರವಿಲ್ಲ ಎಂದು ಹೇಳಲಾಗದು, ಆದರೆ ಈ ವಾದ ನನಗೆ ಹೆಚ್ಚು ಒಪ್ಪಿತವಾಗಿದೆ.

ಇನ್ನು ಇವು ಮೀನಿನಿಂದ ಮೀನಿಗೆ ತಲುಪುವ ಬಗೆ. ಲಾಡಿಹುಳುವಿನಂಥ ಪರೋಪಜೀವಿಗಳಿಗೆ ನಡುವೆ ಇನ್ನೊಂದು ಪ್ರಾಣಿ ಬೇಕು. ಆ ಪ್ರಾಣಿಯನ್ನು ಇನ್ನೊಂದು ತಿನ್ನಬೇಕು, ಆಗ ಜೀವನಚಕ್ರ ಪೂರ್ತಿ. ಮೊನೊಜೀನಿಯನ್‌ಗಳಿಗೆ ಮಧ್ಯವರ್ತಿಯ ಹಂಗಿಲ್ಲ. ಮೊಟ್ಟೆ ನೀರಿಗೆ ಬೀಳುತ್ತದೆ, ಮೈಮೇಲೆ ಚಲಿಸುವ ಸಣ್ಣ ರೋಮಗಳಿರುವ ಲಾರ್ವಾ ಹೊರಬರುತ್ತದೆ, ಈಜಿ ಹೋಗಿ ಮೀನನ್ನು ಹಿಡಿಯುತ್ತದೆ. ಆದರೆ ಲಾರ್ವಾದ ಆಯುಷ್ಯ ಕೆಲವು ಗಂಟೆಗಳಿಂದ ಒಂದೆರಡು ದಿನ ಅಷ್ಟೇ. ಅದು ಏನನ್ನೂ ತಿನ್ನುವುದಿಲ್ಲ, ಮೊಟ್ಟೆಯಿಂದ ಹೊತ್ತು ತಂದ ಶಕ್ತಿ ಮುಗಿದರೆ ಮುಗಿಯಿತು. ಕಡಲಿನ ವಿಸ್ತಾರದಲ್ಲಿ ಮಿಲಿಮೀಟರಿನ ಒಂದು ಚೂರಿನಷ್ಟು ಉದ್ದದ ಜೀವಿಗೆ ಇದು ಅಸಾಧ್ಯ ಎನಿಸುವ ಕೆಲಸ.

ಹಾಗಾಗಿ ಎಲ್ಲವೂ ಹೊತ್ತಿನ ಮೇಲೆ ನಿಂತಿದೆ. ಇಂಗ್ಲೆಂಡಿನ ಗ್ರಹಾಂ ಕೆರ್ನ್ ಅವರು ಸೋಲ್ ಮೀನಿನ ಚರ್ಮದ ಮೇಲಿರುವ ಎಂಟಬ್ಡೆಲ್ಲಾ ಸೊಲಿಯೇ ಎಂಬ ಮೊನೊಜೀನಿಯನ್ನಿನ ಮೊಟ್ಟೆಗಳನ್ನು ಗಮನಿಸಿದರು. ಕಿವಿರಿನದಲ್ಲದಿದ್ದರೂ ವಿಷಯ ಸ್ಪಷ್ಟವಾಗುವುದು ಇದರಲ್ಲೇ. ಸೋಲ್ ರಾತ್ರಿ ಬೇಟೆಯಾಡಿ ಹಗಲು ಮರಳಿನಲ್ಲಿ ಹುದುಗಿ ಮಲಗುವ ಮೀನು. ಮೊಟ್ಟೆಗಳು ಒಡೆಯುವುದು ಬೆಳಕು ಹರಿದ ಮೊದಲ ಕೆಲವು ಗಂಟೆಗಳಲ್ಲಿ, ಅಂದರೆ ಮೀನು ಮಲಗಲು ಬಂದ ಹೊತ್ತಿಗೆ. ಅದೇ ಕುಲದ, ಹ್ಯಾಲಿಬಟ್ ಮೀನಿನ ಮೇಲಿರುವ ಹುಳುವಿನ ಮೊಟ್ಟೆಗಳು ಕತ್ತಲಾದ ಮೇಲೆ ಒಡೆಯುತ್ತವೆ. ತೊರಕೆ (ರೇ) ಜಾತಿಯ ಮೀನೊಂದರ ಮೇಲಿರುವ ಅಕಾಂಥೊಕೊಟೈಲ್ ಲೋಬಿಯಾಂಕಿ ಇನ್ನೂ ವಿಚಿತ್ರ. ಅದರ ಲಾರ್ವಾಕ್ಕೆ ಈಜಲು ರೋಮಗಳೇ ಇಲ್ಲ. ಮೊಟ್ಟೆಯೊಳಗೇ ಕಾದು ಕೂತಿರುತ್ತದೆ. ಮೀನಿನ ಲೋಳೆಯಲ್ಲಿರುವ ಯೂರಿಯಾ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಮುಚ್ಚಳ ತೆರೆದು ಹೊರಗೆ ಬಂದು ಮೀನಿಗೆ ಅಂಟಿಕೊಳ್ಳುತ್ತದೆ.

ಸಾಮಾನ್ಯವಾಗಿ ಒಂದು ಮೊನೊಜೀನಿಯನ್ ಜಾತಿಗೆ ಒಂದೇ ಮೀನು, ಹೆಚ್ಚೆಂದರೆ ಹತ್ತಿರದ ಕೆಲವು ಮೀನುಗಳು. ಬೇರೆ ಮೀನಿನ ಮೇಲೆ ಬಿದ್ದರೆ ನೆಲೆಯೂರುವುದಿಲ್ಲ. ಈ ನಿಷ್ಠೆಯಿಂದಾಗಿಯೇ ಇವುಗಳ ಜಾತಿಗಳ ಸಂಖ್ಯೆ ಬೆಳೆದಿದೆ. ಆಸ್ಟ್ರೇಲಿಯಾದ ಇಯಾನ್ ವಿಟಿಂಗ್ಟನ್ 1998ರಲ್ಲಿ, ಪ್ರತಿ ಮೀನಿನ ಜಾತಿಗೂ ಕನಿಷ್ಠ ಒಂದು ಸ್ವಂತ ಹುಳು ಇದ್ದೀತು ಎಂಬ ಲೆಕ್ಕದಲ್ಲಿ ಸುಮಾರು 25,000 ಜಾತಿಗಳು ಇರಬಹುದೆಂದು ಅಂದಾಜಿಸಿದರು. ಇದುವರೆಗೆ ಹೆಸರು ಪಡೆದವು ಕೆಲವೇ ಸಾವಿರ. ಅಳಿದೇಹೋಗಿದೆ ಎಂದು ನಂಬಿದ್ದು 1938ರಲ್ಲಿ ದಕ್ಷಿಣ ಆಫ್ರಿಕಾದ ತೀರದಲ್ಲಿ ಬಲೆಗೆ ಸಿಕ್ಕ ಸೀಲಕಾಂತ್ ಮೀನಿನ ಕಿವಿರಿನಲ್ಲೂ ಅದರದೇ ಆದ ಹುಳುವಿದೆ: ನಿಯೊಡ್ಯಾಕ್ಟಿಲೊಡಿಸ್ಕಸ್ ಲ್ಯಾಟಿಮೆರಿಸ್, 1971ರಲ್ಲಿ ವಿವರಿಸಿದ್ದು. ಸೀಲಕಾಂತ್ ಉಳಿಸಬೇಕು ಎನ್ನುವಾಗ ನಾವು ಮೀನನ್ನಷ್ಟೇ ನೆನೆಯುತ್ತೇವೆ. ಮೀನು ಹೋದರೆ ಈ ಹುಳುವೂ ಹೋಗುತ್ತದೆ, ಅದಕ್ಕೆ ಬೇರೆ ಮನೆಯಿಲ್ಲ.

ತೆರೆದ ಸಮುದ್ರದಲ್ಲಿ ಇವುಗಳಿಂದ ಮೀನು ಸಾಯುವುದು ಅಪರೂಪ. ಮೀನು ಓಡಾಡುತ್ತಿರುತ್ತದೆ, ಮೊಟ್ಟೆಗಳು ಚದುರಿಹೋಗುತ್ತವೆ, ಲಾರ್ವಾಗಳಲ್ಲಿ ಹೆಚ್ಚಿನವು ಗುರಿ ಮುಟ್ಟದೆ ಸಾಯುತ್ತವೆ. ಮೀನಿನ ದೇಹವೂ ತಲೆತಲಾಂತರದಿಂದ ಈ ಅತಿಥಿಯನ್ನು ಹದ್ದಿನಲ್ಲಿಡಲು ಕಲಿತಿದೆ. ಈ ಸಮತೋಲವನ್ನು ಕೆಡಿಸಿದ್ದು ಬಹುತೇಕ ಮನುಷ್ಯರ ಕೈ. ಎಲ್ಲಕ್ಕಿಂತ ಸ್ಪಷ್ಟವಾದ, ಎಲ್ಲಕ್ಕಿಂತ ದುಃಖದ ಉದಾಹರಣೆ ಅರಲ್ ಸಮುದ್ರದ್ದು.

1930ರ ದಶಕದಲ್ಲಿ ಸೋವಿಯತ್ ಅಧಿಕಾರಿಗಳು ಮೀನುಗಾರಿಕೆಯನ್ನು ಹೆಚ್ಚಿಸಲೆಂದು ಕ್ಯಾಸ್ಪಿಯನ್ ಸಮುದ್ರದಿಂದ ಸೆವ್ರುಗಾ ಎಂಬ ಸ್ಟರ್ಜನ್ ಮೀನನ್ನು ತಂದು ಅರಲ್‌ಗೆ ಬಿಟ್ಟರು. ಬೆಲೆಬಾಳುವ ಕ್ಯಾವಿಯಾರ್ ಕೊಡುವ ಮೀನು ಅದು. ಅದರ ಕಿವಿರು ಮತ್ತು ಬಾಯಿಯೊಳಗೆ ನಿಟ್ಷಿಯಾ ಸ್ಟುರಿಯೊನಿಸ್ ಎಂಬ ಮೊನೊಜೀನಿಯನ್ ಇತ್ತು. ಒಂದು ಸೆಂಟಿಮೀಟರನ್ನೂ ಮೀರಿ ಬೆಳೆಯುವ, ಈ ಗುಂಪಿನಲ್ಲಿ ದೊಡ್ಡದೆನಿಸುವ ಹುಳು. ಕ್ಯಾಸ್ಪಿಯನ್‌ನಲ್ಲಿ ಅದರಿಂದ ದೊಡ್ಡ ತೊಂದರೆಯಿರಲಿಲ್ಲ. ಅರಲ್‌ನಲ್ಲಿ ಮೊದಲಿನಿಂದ ಇದ್ದದ್ದು ಶಿಪ್ ಎಂಬ ಇನ್ನೊಂದು ಸ್ಟರ್ಜನ್. ಅದಕ್ಕೆ ಈ ಹುಳುವಿನ ಪರಿಚಯವೇ ಇರಲಿಲ್ಲ. ಹುಳುವಿಗಾದರೋ ಮಧ್ಯವರ್ತಿ ಪ್ರಾಣಿ ಬೇಡ. ಮೀನೊಂದು ಬಂದರೆ ಸಾಕು, ಅದರ ಕಿವಿರಿನಲ್ಲೇ ಹುಳುವಿನ ಇಡೀ ಜೀವನಚಕ್ರ ಬಂದಿಳಿದಂತೆ. ಶಿಪ್ ಮೀನುಗಳ ಕಿವಿರುಗಳಲ್ಲಿ ಹುಳು ನೂರುಗಟ್ಟಲೆ ತುಂಬಿತು, 1936ರಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತವು. ವ್ಯಾಲೆಂಟಿನ್ ಡೊಗಿಯೆಲ್ ಮತ್ತು ಲುಟ್ಟಾ ಎಂಬ ಸೋವಿಯತ್ ವಿಜ್ಞಾನಿಗಳು ಮರುವರ್ಷವೇ ಈ ಸಾವಿನ ಕಾರಣವನ್ನು ಪ್ರಕಟಿಸಿದರು. ಅರಲ್‌ನ ಶಿಪ್ ಮತ್ತೆ ಮೊದಲಿನಂತಾಗಲಿಲ್ಲ. ಆಮೇಲೆ ನದಿಗಳ ನೀರನ್ನು ಹತ್ತಿಯ ಹೊಲಗಳಿಗೆ ತಿರುಗಿಸಿ ಸಮುದ್ರವನ್ನೇ ಬತ್ತಿಸಿದಾಗ ಅದು ಅಲ್ಲಿಂದ ಪೂರ್ತಿ ಕಣ್ಮರೆಯಾಯಿತು. 1930ರ ದಶಕದಲ್ಲೇ ಅರಲ್‌ನಿಂದ ಬಾಲ್ಖಾಶ್ ಸರೋವರಕ್ಕೆ ಒಯ್ದ ಕೆಲವು ಶಿಪ್ ಮೀನುಗಳ ಸಂತತಿ ಮಾತ್ರ ಕಝಾಕಿಸ್ತಾನದಲ್ಲಿ ಉಳಿದುಕೊಂಡಿತು.

ನಾರ್ವೆಯಲ್ಲೂ ಹೀಗೇ ಆಯಿತು. 1970ರ ದಶಕದಲ್ಲಿ ಬಾಲ್ಟಿಕ್ ಕಡೆಯ ಸಾಲ್ಮನ್ ಮರಿಗಳ ಜೊತೆ ಬಂದ ಗೈರೊಡ್ಯಾಕ್ಟಿಲಸ್ ಸಲಾರಿಸ್ ಎಂಬ ಹುಳು ಅಲ್ಲಿನ ನದಿಗಳಲ್ಲಿ ಹಬ್ಬಿತು. ಇದು ಕಿವಿರಿಗಿಂತ ಚರ್ಮ, ರೆಕ್ಕೆಗಳನ್ನೇ ಹೆಚ್ಚು ಹಿಡಿಯುವುದು. ಮೊಟ್ಟೆಯಿಡದೆ ಮರಿ ಹಾಕುತ್ತದೆ, ಹುಟ್ಟುವ ಮರಿಯ ಗರ್ಭದಲ್ಲಿ ಆಗಲೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ. ಅದನ್ನು ನಿರ್ಮೂಲ ಮಾಡಲು ನಾರ್ವೆ ಎಷ್ಟೋ ನದಿಗಳಿಗೆ ರೊಟೆನೋನ್ ಎಂಬ ವಿಷ ಸುರಿದು ಮೀನುಗಳನ್ನೆಲ್ಲ ಕೊಂದು, ಮತ್ತೆ ಹೊಸದಾಗಿ ಮರಿ ಬಿಡಬೇಕಾಯಿತು.

ಇಂದು ಈ ಹುಳುಗಳು ಹೆಚ್ಚು ಸುದ್ದಿಯಲ್ಲಿರುವುದು ಪಂಜರ ಮೀನುಕೃಷಿಯಿಂದಾಗಿ. ಕಡಲಲ್ಲಿ ತೇಲುವ ಬಲೆಯ ಪಂಜರದಲ್ಲಿ ಸಾವಿರಾರು ಮೀನುಗಳು ಒತ್ತಾಗಿ ಇರುತ್ತವೆ. ಲಾರ್ವಾ ಹೆಚ್ಚು ದೂರ ಹೋಗಬೇಕಾಗಿಲ್ಲ. ಅನೇಕ ಜಾತಿಗಳ ಮೊಟ್ಟೆಗೆ ಉದ್ದನೆಯ ದಾರವಿರುತ್ತದೆ. ಆ ದಾರ ಬಲೆಯ ನೂಲಿಗೂ ಅದರ ಮೇಲೆ ಬೆಳೆದ ಪಾಚಿಗೂ ಸುತ್ತಿಕೊಂಡು, ಮೊಟ್ಟೆ ಚದುರಿಹೋಗದೆ ಮೀನಿನ ಪಕ್ಕದಲ್ಲೇ ಉಳಿಯುತ್ತದೆ. ಮೆಡಿಟರೇನಿಯನ್ ಸುತ್ತಿನ ದೇಶಗಳಲ್ಲಿ ಸಾಕುವ ಸೀ ಬ್ರೀಮ್ ಮೀನಿಗೆ ಸ್ಪಾರಿಕೊಟೈಲ್ ಕ್ರೈಸೊಫ್ರಿ, ದಕ್ಷಿಣ ಆಸ್ಟ್ರೇಲಿಯಾದ ಯೆಲ್ಲೊಟೇಲ್ ಕಿಂಗ್‌ಫಿಶ್‌ಗೆ ಝೆಯುಕ್ಸಾಪ್ಟಾ ಸೀರಿಯೊಲೇ. ಎರಡೂ ರಕ್ತ ಕುಡಿಯುವವು, ಎರಡೂ ಕಿವಿರಿನವು. ಹುಳು ಹೆಚ್ಚಾದ ಮೀನಿನ ಕಿವಿರು ರಕ್ತಹೀನತೆಯಿಂದ ಬಿಳಿಚುತ್ತದೆ, ಲೋಳೆ ಹೆಚ್ಚುತ್ತದೆ, ಮೀನು ಮೇವು ಬಿಡುತ್ತದೆ. ಝೆಯುಕ್ಸಾಪ್ಟಾ ತನ್ನ ಮೊಟ್ಟೆಗಳಲ್ಲಿ ಹೆಚ್ಚಿನವನ್ನು ಕತ್ತಲಾದ ಮೊದಲ ಕೆಲವು ಗಂಟೆಗಳಲ್ಲೇ ಇಡುತ್ತದೆ ಎಂಬುದನ್ನೂ ಸಂಶೋಧಕರು ಕಂಡುಕೊಂಡಿದ್ದಾರೆ.

ಚಿಕಿತ್ಸೆ ಇಲ್ಲದಿಲ್ಲ. ಚರ್ಮದ ಮೇಲಿನ ಹುಳುಗಳಾದರೆ ಮೀನನ್ನು ಕೆಲವು ನಿಮಿಷ ಸಿಹಿನೀರಿನಲ್ಲಿ ಅದ್ದಿದರೂ ಉದುರುತ್ತವೆ. ಕಿವಿರಿನವುಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನ ಸ್ನಾನ ಹೆಚ್ಚು ಬಳಕೆಯಲ್ಲಿದೆ. ಮನುಷ್ಯರ ಲಾಡಿಹುಳುವಿಗೆ ಕೊಡುವ ಪ್ರಾಜಿಕ್ವಾಂಟೆಲ್ ಇವುಗಳಿಗೂ ಮದ್ದೇ, ಆದರೆ ಅದು ಕಹಿ. ಮೇವಿನಲ್ಲಿ ಬೆರೆಸಿದರೆ ಮೀನು ಮುಟ್ಟಲು ಹಿಂಜರಿಯುತ್ತದೆ. ಎಲ್ಲ ಚಿಕಿತ್ಸೆಗಳಿಗೂ ಇರುವ ಕೊರತೆ ಒಂದೇ: ಮೊಟ್ಟೆಯ ಗಟ್ಟಿ ಕವಚವನ್ನು ಅವು ದಾಟಲಾರವು. ಇಂದು ಬೆಳೆದ ಹುಳುಗಳೆಲ್ಲ ಸತ್ತರೂ ಬಲೆಗೆ ಸುತ್ತಿಕೊಂಡ ಮೊಟ್ಟೆಗಳು ಮುಂದಿನ ದಿನಗಳಲ್ಲಿ ಒಡೆದು ಮೀನನ್ನು ಮತ್ತೆ ಹಿಡಿಯುತ್ತವೆ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರ ಸೀಬಾಸ್ ಮತ್ತು ಕೋಬಿಯಾ ಮೀನುಗಳ ಪಂಜರ ಕೃಷಿಯ ಪ್ರಯೋಗ ನಡೆಸಿದೆ, ನಮ್ಮ ಕರಾವಳಿಯ ಅಳಿವೆಗಳಲ್ಲಿ ಮೀನುಗಾರ ಕುಟುಂಬಗಳು ಪಂಜರ ಇಟ್ಟಿವೆ. ನಮ್ಮ ನೀರು ಬೆಚ್ಚನೆಯದು, ಬೆಚ್ಚಗಿದ್ದಷ್ಟೂ ಮೊಟ್ಟೆ ಬೇಗ ಒಡೆಯುತ್ತದೆ, ಹುಳುವೂ ಬೇಗ ಬೆಳೆದು ಮೊಟ್ಟೆಯಿಡುತ್ತದೆ. ತಣ್ಣನೆಯ ದೇಶದ ಕೈಪಿಡಿಯಲ್ಲಿ ಬರೆದ ದಿನಗಳ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಪಂಜರ ಇಟ್ಟವರು ಮಾಡಬಹುದಾದದ್ದು ಇಷ್ಟು: ಹೊಸ ಮರಿಗಳನ್ನು ಬಿಡುವ ಮೊದಲು ಬೇರೆ ತೊಟ್ಟಿಯಲ್ಲಿಟ್ಟು ಗಮನಿಸುವುದು, ಆಗಾಗ ಒಂದೆರಡು ಮೀನಿನ ಕಿವಿರಿನ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು, ಸ್ನಾನ ಕೊಟ್ಟ ದಿನವೇ ಹಳೆಯ ಬಲೆಯನ್ನು ಮೇಲೆಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬೇರೆ ಬಲೆ ಕಟ್ಟುವುದು. ಎರಡನೆಯ ಸ್ನಾನಕ್ಕೆ ಉಳಿದ ಮೊಟ್ಟೆಗಳೆಲ್ಲ ಒಡೆಯುವವರೆಗೆ ಕಾಯಬೇಕು, ಆದರೆ ಹೊಸ ಹುಳುಗಳು ಮೊಟ್ಟೆಯಿಡುವಷ್ಟು ಬೆಳೆಯುವವರೆಗೆ ಕಾಯಬಾರದು. ಆ ನಡುವಿನ ದಿನ ಯಾವುದು ಎಂಬುದು ಹುಳುವಿನ ಜಾತಿಯ ಮೇಲೆ, ಆ ವಾರದ ನೀರಿನ ಉಷ್ಣತೆಯ ಮೇಲೆ ನಿಂತಿರುತ್ತದೆ.